ಅರವತ್ತು ಶೋರ್

ಢಮಾಲೆ ಹೆಬ್ಬೆಟ್ಟಿನ ಉಗುರು ಊರಿ ನೋಡತಾನ.
"ಸಾಠ್" ಅಂತಾನ. ಮಶೀನ ಅರವತ್ತೊಂದು ಅಂತೈತಿ.
ಮಶೀನಿಗೆ ಯಾವಾಗಲೂ ಒಂದ ಹೆಚ್ಚ ಬೇಕ, ಅಂತ ನಗತಾನ,
ಮೂವತ್ತು ವರ್ಷ ರಬ್ಬರಿಗೆ ಮಸಿ ಕಲಸಿದಾಂವ.
ನಾ ಒತ್ತಿ ನೋಡಿದ್ರ
ರಬ್ಬರ್, ಕಬ್ಬಿಣ, ನೆನಸಿದ ಕಡಲಿ, ಸುಗಲಾನ ಭುಜ,
ಎಲ್ಲಾ ಒಂದ.

ಹನ್ನೊಂದು ವರ್ಷ ಚಿಂಚವಡದ ಫೌಂಡ್ರಿಯೊಳಗ
ಎರಕದ ಮೈ ಕೆತ್ತೂ ಹತಾರ ಹಿಡದಿದ್ದೆ.
ಮಿನಿಟಿಗೆ ಎರಡು ಸಾವಿರ ಪೆಟ್ಟು.
ಪೆಟ್ಟೆಲ್ಲಾ ಕಬ್ಬಿಣಕ್ಕ ಅಂತ ತಿಳಕೊಂಡಿದ್ದೆ.
ಒಂದ ಚಳಿಗಾಲ ಮುಂಜಾನೆ ಸೈಕಲ್ ಹಿಡಿಕಿ ಮ್ಯಾಲ
ನಾಕು ಬೆರಳು ಸುಣ್ಣದಾಂಗ ಬೆಳ್ಳಗಾಗಿ ನಿಂತುವು,
ಯಾರದೋ ಬೆರಳು ನನ್ನ ಕೈಗೆ ಸಿಗಿಸಿದಾಂಗ.
ಡಾಕ್ಟರ್ ಸೂಜಿ ಹಿಡದ್ರು.
ನಾ ಆಕಡೆ ಮಾರಿ ಮಾಡಿ "ಚುಚ್ಚರಿ" ಅಂದೆ.
ಚುಚ್ಚಿ ಆಗಿತ್ತು.

ಈಗ ಭೋಸರಿಯೊಳಗ, ಈ ತಂಪು ಖೋಲಿಯೊಳಗ,
ನಡಕಾ ತಡಿಯೂ ರಬ್ಬರಿನ ಪರೀಕ್ಷಾ ಮಾಡೂದು ನನ್ನ ಕೆಲಸ.
ಎರಡು ಉಕ್ಕಿನ ತಟ್ಟಿ ನಡುವ ಕರೇ ಬಿಲ್ಲಿ ಇಡತೀನಿ,
ಕುಂಟೆ ಮೇಡಂ ಗುಂಡಿ ಒತ್ತತಾರ.
ಪರದೆ ಮ್ಯಾಲ ಎರಡು ಗೆರಿ.
ಕೆಂಪು ಒತ್ತತೈತಿ, ನೀಲಿ ಬಾಗತೈತಿ,
ನೀಲಿ ಯಾವಾಗಲೂ ಒಂದೀಟ ತಡಾ.
"ಆ ತಡಾನ ನಾವು ಮಾರೂದು" ಅಂತಾರ ಮೇಡಂ.
ಉಕ್ಕಿಗೆ ತಡಾ ಇಲ್ಲ. ಕೊಟ್ಟದ್ದನ್ನ ಕೊಟ್ಟ ಕೂಡಲೆ
ಹೊಳ್ಳಿ ಕೊಡತೈತಿ, ಪೈಸಾ ಬಿಡದ.
ಅದರ ಚಿತ್ರ ಬರೇ ಒಂದ ಗೆರಿ.
ರಬ್ಬರಿನ ಚಿತ್ರ ಬೇವಿನೆಲಿ.
ಹೋದ ದಾರಿ ಬ್ಯಾರೆ, ಬಂದ ದಾರಿ ಬ್ಯಾರೆ,
ನಡುವಿನ ಜಾಗಾ ಅದು ನುಂಗಿದ್ದು.

ಹೊಸಾ ಹುಡುಗೂರಿಗೆ ತೋರಸಾಕ
ಢಮಾಲೆ ಕಿಸೇದಾಗ ಎರಡು ಚಂಡು ಇಟ್ಟಿರತಾನ.
ಒಂದು ಗಿಡದ ಹಾಲಿಂದು, ನೆಲಕ್ಕ ಒಗದ್ರ ಎದಿಮಟ ಪುಟದೇಳತೈತಿ.
ಇನ್ನೊಂದು ಬ್ಯೂಟೈಲ್. ಧಪ್ ಅಂತ ಬಿದ್ದು
ಸಾಲದ ಮಾತ ಕೇಳಿದಾಂವನಾಂಗ
ಬಿದ್ದಲ್ಲೇ ಸುಮ್ಮನಾಗತೈತಿ.
ಎರಡೂ ಕರೇವು, ಎರಡೂ ಮೆತ್ತಗ.
ಬೀಳೂತನಕ ಯಾವದು ಯಾವದಂತ ತಿಳಿಯಾಂಗಿಲ್ಲ.

ಸಾವಕಾಶ ಒತ್ತಿದ್ರ ಮಣಿಯೂ ಬಿಲ್ಲಿ
ಲಗೂ ಲಗೂ ಹೊಡದ್ರ ಬಿರಸಾಗತೈತಿ.
ಡಿಸೆಂಬರದಾಗ ಶೆಟರ್ ತಗದಾಗ ಒಂಥರಾ,
ಮೇ ತಿಂಗಳ ಮಧ್ಯಾಹ್ನ ಒಂಥರಾ.
ಇದರ ಬಿರುಸು ಎಷ್ಟು ಅಂತ ಕೇಳಬ್ಯಾಡ್ರಿ,
ಯಾವಾಗ, ಎಷ್ಟ ಲಗೂ, ಎಂಥಾ ಬಿಸಲಾಗ ಅಂತ ಕೇಳ್ರಿ.
ಇದನ್ನ ಮನ್ಯಾಗ ಹೇಳಿದ್ರ ಸುಗಲಾ
ರೊಟ್ಟಿ ಬಡಿಯೂದು ನಿಲ್ಲಸದ
"ಇದನ್ನ ತಿಳಕೊಳ್ಳಾಕ ಅಷ್ಟ ದೊಡ್ಡ ಮಶೀನ ಬೇಕಾತೇನು?" ಅಂದ್ಲು.

ಹೋದ ವಾರ ಒಂದು ಆರ್ಡರ್ ಬಂತು.
ಕೆತ್ತೂ ಹತಾರದ ಹಿಡಿಕಿಗೆ ರಬ್ಬರಿನ ಅಂಗಿ.
ಡ್ರಾಯಿಂಗ್ ನೋಡಿದೆ. ಅದ ಹತಾರ. ಅದ ಫೌಂಡ್ರಿ.
ಆರು ಮಿಲಿಮೀಟರ್ ದಪ್ಪ. ತುಂಡಿಗೆ ನಲವತ್ತು ರೂಪಾಯಿ ಅಂದ್ರ
ಮೂವತ್ತೆರಡಕ್ಕ ಚೌಕಾಸಿ ಮಾಡಾಕತ್ತಿದ್ರು.

ಮೊದಲ ತುಂಡು ಬಾಳ ಮೆತ್ತಗ,
ಹತಾರ ಕೈಯಾಗ ಹಾವಿನಾಂಗ ಹೊಳ್ಳತಿತ್ತು.
ಎರಡನೇದು ಬಾಳ ಬಿರುಸು, ಇದ್ದೂ ಇಲ್ಲದಾಂಗ.
ಮೂರನೇದು ಎಲ್ಲಾ ನುಂಗತಿತ್ತು,
ನುಂಗಿ ನುಂಗಿ ಒಳಗ ಬೆಂದು
ಮೂರು ತಾಸಿಗೆ ಸೀಳಿತು.
ನಾಕನೇದಕ್ಕ ನಾ ರಾತ್ರಿ ಕುಂತೆ.
ಹತ್ತು ಲಕ್ಷ ಪೆಟ್ಟು,
ಎಂಟು ತಾಸಿನ ಮ್ಯಾಲ ಇಪ್ಪತ್ತು ಮಿನಿಟು.
ನನ್ನ ಹಳೇ ಒಂದ ಪಾಳಿ.

ಬೆಳಕ ಹರದ ಮ್ಯಾಲ ಬಿಚ್ಚಿದೆ. ಸೀಳಿದ್ದಿಲ್ಲ.
ಬಿಸಿ ಎಷ್ಟಂತ ಬರೀಬೇಕು, ಮೀಟರಿನ ಬ್ಯಾಟರಿ ಸತ್ತಿತ್ತು.
ಬೆರಳಿಗೆ ಕೇಳಿ ಉಪಯೋಗಿಲ್ಲ.
ಗಲ್ಲಕ್ಕ ಹಿಡಕೊಂಡೆ.
ಬೆಚ್ಚಗಿತ್ತು, ಈಗಷ್ಟ ಯಾರೋ ಎದ್ದುಹೋದ ಹಾಸಿಗಿಯಾಂಗ.
ಒಂದ ಪಾಳಿಯ ನಡಕಾ,
ಯಾರ ಕೈಗೂ ಹೋಗದ, ಇಲ್ಲೇ.

ಢಮಾಲೆ ಬಾಗಲದಾಗ ನಿಂತು ನೋಡಿದ, ಏನೂ ಅನಲಿಲ್ಲ.
ಆಮ್ಯಾಲ ಬಂದು ಉಗುರು ಊರಿ
"ಅಠ್ಠಾವನ್ನ" ಅಂದ,
"ರಾತ್ರ್ಯಾಗ ಎರಡು ಸೋತೈತಿ."
ನಾ ಅದನ್ನೂ ಬರಕೊಂಡೆ.